ಮಾರುಕಟ್ಟೆಯ ದಾರಿ ತೋರಿಸುವವರು ಯಾರು?

ಇಸ್ಲಾಮೀ ವರ್ಷಗಣನೆಯು ಪ್ರವಾದಿ ಮುಹಮ್ಮದ್(ಸ)ರ ಜನನದಿಂದ ಆರಂಭವಾಗುವುದಿಲ್ಲ. ಹಿರಾ ಗುಹೆಯಲ್ಲಿ ಪ್ರಥಮ ದಿವ್ಯವಾಣಿ ಅವತೀರ್ಣವಾದ ರಾತ್ರಿಯಿಂದಾಗಲಿ, ಬದ್ರ್ ಅಥವಾ ಮಕ್ಕಾ ವಿಜಯದಿಂದಾಗಲಿ ಅದು ಆರಂಭವಾಗುವುದಿಲ್ಲ. ಹುಟ್ಟೂರಿನಲ್ಲಿ ಬಾಳಲಾಗದೆ, ಮನೆ, ಆಸ್ತಿ, ಬಂಧುಬಳಗವನ್ನು ಬಿಟ್ಟು ಹೊರಟವರ ಒಂದು ಪಯಣದಿಂದ ಅದು ಆರಂಭವಾಗುತ್ತದೆ. ದ್ವಿತೀಯ ಖಲೀಫಾ ಉಮರ್(ರ)ರ ಆಡಳಿತ ಕಾಲದಲ್ಲಿ ಸಹಾಬಿಗಳು ಪರಸ್ಪರ ಸಮಾಲೋಚಿಸಿ ಹಿಜ್ರಾವನ್ನೇ ಕಾಲಗಣನೆಯ ಮೊದಲ ಗುರುತಾಗಿ ಆಯ್ದುಕೊಂಡರು. ನಮ್ಮ ಮದುವೆಯ ಕಾಗದದಲ್ಲಿ, ಮಸೀದಿಯ ಕ್ಯಾಲೆಂಡರಿನಲ್ಲಿ, ಮದ್ರಸಾದ ಹಾಜರಿ ಪುಸ್ತಕದಲ್ಲಿ ನಾವು ಬರೆಯುವ ಪ್ರತಿಯೊಂದು ಹಿಜರಿ ದಿನಾಂಕವೂ ಊರು ಬಿಟ್ಟು ಬಂದವರ ನೆನಪನ್ನು ಹೊತ್ತುಕೊಂಡಿದೆ.

ಹೀಗಿದ್ದೂ ಊರು ಬಿಟ್ಟು ಬಂದವನು ನಮ್ಮ ಬಾಗಿಲಿಗೆ ಬಂದಾಗ ನಾವು ಅವನನ್ನು ಹೇಗೆ ಕಾಣುತ್ತೇವೆ? ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಅಂತ್ಯಕ್ಕೆ ಯುದ್ಧ, ಹಿಂಸೆ ಮತ್ತು ದಮನಗಳಿಂದ ಮನೆ ತೊರೆದವರ ಸಂಖ್ಯೆ 12 ಕೋಟಿಯನ್ನು ಮೀರಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಈ ಲೆಕ್ಕದೊಳಗೆ ಬರುವುದಿಲ್ಲ. ಅವರನ್ನೂ ಸೇರಿಸಿದರೆ ನಮ್ಮ ಕಾಲವನ್ನು ವಲಸೆಯ ಕಾಲವೆಂದೇ ಕರೆಯಬೇಕಾಗುತ್ತದೆ. ಇಂತಹವರಿಗಾಗಿ ಹಣ ಸಂಗ್ರಹಿಸುವುದರಲ್ಲಿ, ಆಹಾರದ ಕಿಟ್ ಹಂಚುವುದರಲ್ಲಿ ನಮ್ಮ ಸಮುದಾಯ ಹಿಂದೆ ಬಿದ್ದಿಲ್ಲ. ಆದರೆ ಕಿಟ್ ಮುಗಿದ ಮರುದಿನ ಆ ಮನುಷ್ಯನ ಗತಿಯೇನು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಂಡಿಲ್ಲ. ಆ ಪ್ರಶ್ನೆಗೆ ಮದೀನಾ ಹದಿನಾಲ್ಕು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದೆ.

ಮಕ್ಕಾದಿಂದ ಬಂದ ಮುಹಾಜಿರ್‌ಗಳಲ್ಲಿ ಅನೇಕರು ಅಲ್ಲಿ ಸ್ಥಿತಿವಂತ ವ್ಯಾಪಾರಿಗಳಾಗಿದ್ದವರು. ಮದೀನಾವಾದರೋ ಖರ್ಜೂರದ ತೋಟಗಳ ಊರು. ಬಂದವರಿಗೆ ಬೇಸಾಯ ತಿಳಿಯದು, ಕೈಯಲ್ಲಿ ಬಂಡವಾಳವಿಲ್ಲ. ಕೆಲವರು ಹೊಸ ಊರಿನ ಹವೆ ಒಗ್ಗದೆ ಜ್ವರದಿಂದ ಮಲಗಿದರು. ಬಿಲಾಲ್(ರ)ರಂತಹವರು ಜ್ವರದ ನಡುವೆ ಮಕ್ಕಾದ ಕಣಿವೆಗಳನ್ನು ನೆನೆದು ಹಂಬಲಿಸಿದರೆಂದು ಹದೀಸ್ ಗ್ರಂಥಗಳು ದಾಖಲಿಸಿವೆ. ಪ್ರವಾದಿ(ಸ) ಆಗ ಒಬ್ಬ ಮುಹಾಜಿರ್‌ಗೆ ಒಬ್ಬ ಅನ್ಸಾರಿಯನ್ನು ಹೆಸರು ಹಿಡಿದು ಜೊತೆಗೂಡಿಸಿದರು. ಇದನ್ನೇ ಮುಆಖಾತ್, ಅರ್ಥಾತ್ ಸಹೋದರತ್ವದ ಬೆಸುಗೆ ಎಂದು ಚರಿತ್ರೆ ಕರೆಯುತ್ತದೆ.

ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಹೋದರನಾಗಿ ದೊರೆತವರು ಸಅದ್ ಬಿನ್ ರಬೀಅ್(ರ). ಸಅದ್(ರ) ಅನ್ಸಾರ್‌ಗಳಲ್ಲಿ ಶ್ರೀಮಂತರು. ತಮ್ಮ ಸಂಪತ್ತಿನ ಅರ್ಧವನ್ನು ಕೊಡಲು ಅವರು ಮುಂದಾದರು. ಅಬ್ದುರ್ರಹ್ಮಾನ್(ರ) ಆ ಔದಾರ್ಯಕ್ಕಾಗಿ ಅವರಿಗೆ ಬರಕತ್ತನ್ನು ಹಾರೈಸಿ, ಮಾರುಕಟ್ಟೆ ಎಲ್ಲಿದೆಯೆಂದು ಮಾತ್ರ ಕೇಳಿದರು. ಸಅದ್(ರ) ಬನೂ ಕೈನುಕಾದ ಸಂತೆಯ ದಾರಿಯನ್ನು ತೋರಿಸಿದರು. ಅಂದು ಸಂಜೆ ಅವರು ಗಳಿಸಿ ತಂದದ್ದು ಸ್ವಲ್ಪ ತುಪ್ಪ ಮತ್ತು ಒಣಗಿದ ಗಿಣ್ಣು. ಕೆಲವು ಕಾಲದ ನಂತರ ಅವರು ವಿವಾಹವಾಗುವಷ್ಟು, ವಲೀಮಾ ನೀಡುವಷ್ಟು ಶಕ್ತರಾದರು. ಮುಂದೆ ಅವರು ಮದೀನಾದ ಬಹುದೊಡ್ಡ ದಾನಿಗಳಲ್ಲೊಬ್ಬರಾದುದು ಎಲ್ಲರಿಗೂ ತಿಳಿದ ವಿಷಯ.

ಈ ಘಟನೆಯನ್ನು ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ಸಅದ್(ರ)ರ ತ್ಯಾಗದ ಅಥವಾ ಅಬ್ದುರ್ರಹ್ಮಾನ್(ರ)ರ ಸ್ವಾಭಿಮಾನದ ಕಥೆಯಾಗಿ ಹೇಳಲಾಗುತ್ತದೆ. ಎರಡೂ ನಿಜ. ಆದರೆ ಅವರಿಬ್ಬರ ನಡುವೆ ನಡೆದ ಆ ಚಿಕ್ಕ ಕೆಲಸದ ಮೇಲೆ ನಮ್ಮ ಗಮನ ಹರಿಯುವುದಿಲ್ಲ. ಅದೆಂದರೆ ದಾರಿ ತೋರಿಸಿದ್ದು. ಹೊಸಬನಿಗೆ ದುಡಿಯುವ ಕೈಯಿದೆ, ಕಸುಬಿನ ಅರಿವಿದೆ. ಅವನಿಗೆ ಇಲ್ಲದಿರುವುದು ಊರಿನ ಪರಿಚಯ. ಯಾವ ಬೀದಿಯಲ್ಲಿ ಏನು ಮಾರಾಟವಾಗುತ್ತದೆ, ಯಾರ ಮಾತನ್ನು ನಂಬಬಹುದು, ಯಾವ ಅಳತೆ ನಡೆಯುತ್ತದೆ ಎಂಬುದು ಊರಿನವನಿಗೆ ಸಹಜವಾಗಿ ತಿಳಿದಿರುತ್ತದೆ. ಆ ತಿಳಿವನ್ನು ಹಂಚಿಕೊಳ್ಳಲು ಅವನಿಗೆ ಖರ್ಚಾಗುವುದು ಕೆಲವು ಹೆಜ್ಜೆಗಳು ಮಾತ್ರ.

ಮದೀನಾದ ಈ ವ್ಯವಸ್ಥೆಯಲ್ಲಿ ಇನ್ನೂ ಎರಡು ಅಂಶಗಳು ಗಮನಾರ್ಹ. ಅನ್ಸಾರ್‌ಗಳು ತಮ್ಮ ಖರ್ಜೂರದ ತೋಟಗಳನ್ನೇ ಪಾಲು ಮಾಡಿಕೊಡಿರೆಂದು ವಿನಂತಿಸಿದಾಗ ಪ್ರವಾದಿ(ಸ) ಅದಕ್ಕೆ ಒಪ್ಪಲಿಲ್ಲ. ಮುಹಾಜಿರ್‌ಗಳು ತೋಟದ ದುಡಿಮೆಯಲ್ಲಿ ಪಾಲ್ಗೊಂಡು ಫಸಲಿನಲ್ಲಿ ಪಾಲು ಪಡೆಯುವ ಏರ್ಪಾಡಿಗೆ ಎಲ್ಲರೂ ಸಮ್ಮತಿಸಿದರು. ಇದರಿಂದ ಕೊಡುವವನ ಆಸ್ತಿ ಉಳಿಯಿತು. ಪಡೆಯುವವನ ಮಾನವೂ ಉಳಿಯಿತು. ಎರಡನೆಯದಾಗಿ, ಈ ಆಸರೆಗೆ ಒಂದು ಕೊನೆಯಿತ್ತು. ಆರಂಭದಲ್ಲಿ ಜೊತೆಗೂಡಿದ ಸಹೋದರರು ಪರಸ್ಪರ ವಾರಸುದಾರರೂ ಆಗುತ್ತಿದ್ದರು. ಮುಹಾಜಿರ್‌ಗಳು ತಮ್ಮ ಕಾಲ ಮೇಲೆ ನಿಂತ ಬಳಿಕ ಆ ವಿಶೇಷ ನಿಯಮ ರದ್ದಾಗಿ, ವಾರಸು ರಕ್ತಸಂಬಂಧಿಗಳಿಗೇ ಮರಳಿತು. ಖೈಬರ್‌ನ ನಂತರ ಮುಹಾಜಿರ್‌ಗಳು ಅನ್ಸಾರ್‌ಗಳು ಫಲಕ್ಕಾಗಿ ಬಿಟ್ಟುಕೊಟ್ಟಿದ್ದ ಮರಗಳನ್ನು ಹಿಂದಿರುಗಿಸಿದರೆಂದು ಅನಸ್(ರ) ವರದಿ ಮಾಡಿದ್ದಾರೆ. ಸಹೋದರತ್ವ ಉಳಿಯಿತು, ಅವಲಂಬನೆ ಮುಗಿಯಿತು. ನಿಜವಾದ ನೆರವಿನ ಗುರಿ ಇದುವೇ ಆಗಿದೆ.

ಇದು ಮುಸ್ಲಿಮರು ಮುಸ್ಲಿಮರಿಗೆ ನೀಡಿದ ಆಸರೆಯ ಮಾತಾಯಿತು. ಆದರೆ ಇಸ್ಲಾಮಿನ ಚರಿತ್ರೆಯಲ್ಲಿ ಮೊದಲು ಆಶ್ರಯ ಬೇಡಿದವರು ಮುಸ್ಲಿಮರು. ಆಶ್ರಯ ಕೊಟ್ಟವನು ಓರ್ವ ಕ್ರೈಸ್ತ ಅರಸ. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಹಿಂಸೆಯಿಂದ ಪಾರಾಗಿ ಅಬಿಸೀನಿಯಾಕ್ಕೆ ಹೋದವರನ್ನು ಹಿಡಿದೊಪ್ಪಿಸಬೇಕೆಂದು ಖುರೈಶರು ಉಡುಗೊರೆಗಳೊಂದಿಗೆ ದೂತರನ್ನು ಕಳುಹಿಸಿದರು. ನಜ್ಜಾಶಿಯು ಆ ಉಡುಗೊರೆಗಳನ್ನು ಮರಳಿಸಿದನು. ಅದಕ್ಕೆ ಮುನ್ನ ಆತನು ಆರೋಪಿತರ ಮಾತನ್ನೂ ಕೇಳಿದನು. ಜಅಫರ್(ರ) ಮತ್ತು ಅವರ ಸಂಗಡಿಗರು ಹತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಅಲ್ಲಿ ನಿರ್ಭೀತರಾಗಿ ಬಾಳಿದರು. ಆಶ್ರಯ ನೀಡುವಾಗ ಧರ್ಮವನ್ನು ನೋಡಬೇಕೆನ್ನುವವರು ಈ ಅರಸನ ಋಣವನ್ನು ಮರೆಯುವಂತಿಲ್ಲ.

ಮದೀನಾದ ಈ ಮಾದರಿ ಇಂದಿನ ಕಾಲಕ್ಕೆ ಸಾಧ್ಯವೇ ಎಂಬ ಸಂದೇಹ ಕೆಲವರಲ್ಲಿದೆ. ಸರಕಾರಗಳು ಮಾಡಬೇಕಾದ ಕೆಲಸವನ್ನು ಜನಸಾಮಾನ್ಯರು ಮಾಡಲಾಗುತ್ತದೆಯೇ ಎಂದು ಅವರು ಕೇಳುತ್ತಾರೆ. ಈ ಸಂದೇಹಕ್ಕೆ ಕೆನಡಾ ದೇಶದ ಅನುಭವ ಒಳ್ಳೆಯ ಉತ್ತರವಾಗಿದೆ. ಆ ದೇಶದ 1976ರ ವಲಸೆ ಕಾಯ್ದೆಯು ಸಾಮಾನ್ಯ ನಾಗರಿಕರೇ ನಿರಾಶ್ರಿತರ ಹೊಣೆ ಹೊರಲು ಅವಕಾಶ ಕಲ್ಪಿಸಿತು. ಐವರು ನಾಗರಿಕರ ಒಂದು ಗುಂಪು, ಅಥವಾ ಒಂದು ಚರ್ಚ್, ಮಸೀದಿ, ಊರಿನ ಸಂಘ, ಒಂದು ಕುಟುಂಬವನ್ನು ಕರೆಸಿಕೊಳ್ಳಬಹುದು. ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ, ಅಥವಾ ಅದಕ್ಕೂ ಮೊದಲೇ ಕುಟುಂಬ ಸ್ವಾವಲಂಬಿಯಾದರೆ ಅಲ್ಲಿಯವರೆಗೆ, ಮನೆ ಬಾಡಿಗೆ ಮತ್ತು ಜೀವನವೆಚ್ಚದ ಹೊಣೆ ಆ ಗುಂಪಿನದು. ಹಣದಷ್ಟೇ ಮುಖ್ಯವಾದದ್ದು ಜೊತೆಗಿರುವಿಕೆ: ವಿಮಾನ ನಿಲ್ದಾಣಕ್ಕೆ ಹೋಗಿ ಎದುರುಗೊಳ್ಳುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಬ್ಯಾಂಕ್ ಖಾತೆ ತೆರೆಸುವುದು, ವೈದ್ಯರ ಬಳಿಗೆ ಕರೆದೊಯ್ಯುವುದು, ಭಾಷೆಯ ತರಗತಿಗೆ ಹಚ್ಚುವುದು, ಕೆಲಸ ಹುಡುಕಲು ನೆರವಾಗುವುದು.

1979 ಮತ್ತು 1980ರಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಸುಮಾರು 60,000 ಮಂದಿ ಕೆನಡಾಕ್ಕೆ ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಹೊಣೆಯನ್ನು ಹೊತ್ತವರು ಇಂತಹ ನಾಗರಿಕ ಗುಂಪುಗಳೇ. 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯು ತನ್ನ ನಾನ್ಸೆನ್ ಪದಕವನ್ನು ಯಾವೊಬ್ಬ ನಾಯಕನಿಗೂ ಕೊಡದೆ ಇಡೀ ಕೆನಡಾದ ಜನತೆಗೆ ಅರ್ಪಿಸಿತು. ಈ ವ್ಯವಸ್ಥೆಯ ಮೂಲಕ ಇದುವರೆಗೆ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿ ನೆಲೆ ಕಂಡಿದ್ದಾರೆ.

ಅದರಲ್ಲೊಂದು ಕುಟುಂಬದ ಕಥೆ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರನ್ನು ನೆನಪಿಸುವಂತಿದೆ. ಸಿರಿಯಾದ ದಮಾಸ್ಕಸ್‌ನಲ್ಲಿ ಹದ್ದಾದ್ ಕುಟುಂಬಕ್ಕೆ ಚಾಕೊಲೇಟ್ ಕಾರ್ಖಾನೆಯಿತ್ತು. ಯುದ್ಧದಲ್ಲಿ ಅದು ಬಾಂಬ್‌ಗೆ ಆಹುತಿಯಾಯಿತು. ಲೆಬನಾನಿನಲ್ಲಿ ಮೂರು ವರ್ಷ ಕಳೆದ ಬಳಿಕ ಕೆನಡಾದ ಆಂಟಿಗೊನಿಶ್ ಎಂಬ ಪುಟ್ಟ ಪಟ್ಟಣದ ಜನರು ಆ ಕುಟುಂಬದ ಹೊಣೆ ಹೊತ್ತರು. 2015ರ ಡಿಸೆಂಬರ್‌ನಲ್ಲಿ ಮಗ ತಾರಿಕ್, ಅನಂತರ ಉಳಿದವರು ಅಲ್ಲಿಗೆ ತಲುಪಿದರು. ತಂದೆ ಇಸಾಮ್ ಹದ್ದಾದ್‌ಗೆ ಬರುತ್ತಿದ್ದ ಕಸುಬು ಚಾಕೊಲೇಟ್ ತಯಾರಿಕೆ. ಅವರು ಮನೆಯ ಅಡುಗೆಮನೆಯಲ್ಲಿ ಅದನ್ನು ತಯಾರಿಸತೊಡಗಿದಾಗ, ಊರಿನ ಬಡಗಿಗಳು, ವಿದ್ಯುತ್ ಕೆಲಸದವರು, ಕೊಳಾಯಿ ಕೆಲಸದವರು ಕೂಡಿ ಒಂದು ಸಣ್ಣ ಶೆಡ್ ಕಟ್ಟಿಕೊಟ್ಟರು. ಅದೇ ಹೊಸ ಕಾರ್ಖಾನೆಯಾಯಿತು. 2016ರಲ್ಲಿ ಅದೇ ದೇಶದ ಫೋರ್ಟ್ ಮೆಕ್‌ಮರ್ರೆ ಪಟ್ಟಣ ಕಾಳ್ಗಿಚ್ಚಿಗೆ ಸಿಲುಕಿ ಅಲ್ಲಿನ ಜನರು ಮನೆ ತೊರೆದಾಗ, ಬಂದು ಇನ್ನೂ ಒಂದು ವರ್ಷವಾಗದ ಈ ನಿರಾಶ್ರಿತ ಕುಟುಂಬ ತನ್ನ ಲಾಭವನ್ನು ಸಂತ್ರಸ್ತರಿಗೆ ಕೊಟ್ಟಿತು. ಮುಂದೆ ಅವರ ಕಾರ್ಖಾನೆಯಲ್ಲಿ ಊರಿನವರಿಗೇ ಉದ್ಯೋಗ ದೊರೆಯಿತು. ಆ ಊರಿನ ಜನ ಅವರಿಗೆ ಅನ್ನ, ಬಟ್ಟೆ ಮಾತ್ರ ಕೊಟ್ಟು ಸುಮ್ಮನಾಗಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಕೆನಡಾದ ವ್ಯವಸ್ಥೆ ಕುಂದಿಲ್ಲದ್ದೆಂದು ನಾವು ಹೇಳುತ್ತಿಲ್ಲ. ಅರ್ಜಿಗಳು ರಾಶಿ ಬಿದ್ದು, ಕುಟುಂಬಗಳು ವರ್ಷಗಟ್ಟಲೆ ಕಾಯುವಂತಾಗಿದೆ. 2024ರ ನವೆಂಬರ್‌ನಲ್ಲಿ ಐವರ ಗುಂಪುಗಳಿಂದ ಹೊಸ ಅರ್ಜಿ ಸ್ವೀಕರಿಸುವುದನ್ನು ಅಲ್ಲಿನ ಸರಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಆದರೂ ಒಂದು ಕುಟುಂಬಕ್ಕೆ ಒಂದು ಗುಂಪು, ಒಂದು ವರ್ಷದ ಹೊಣೆ, ಕೆಲಸಕ್ಕೆ ದಾರಿ ಎಂಬ ಅದರ ತಿರುಳು ಪರೀಕ್ಷೆಯಲ್ಲಿ ಗೆದ್ದಿದೆ.

ಇಂತಹ ಪಾಠಕ್ಕಾಗಿ ಕನ್ನಡಿಗರು ಕೆನಡಾದವರೆಗೆ ಹೋಗಬೇಕಾಗಿಯೂ ಇಲ್ಲ. 1959ರಲ್ಲಿ ಟಿಬೆಟಿನಿಂದ ಸಾವಿರಾರು ಮಂದಿ ಭಾರತಕ್ಕೆ ಬಂದಾಗ ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. ಹಿಮಪರ್ವತದ ಜನರು ಕಾಡು ಕಡಿದು, ಆನೆಗಳ ಹಾವಳಿಯ ನಡುವೆ ಜೋಳ ಬೆಳೆಯಲು ಕಲಿತರು. ಸಹಕಾರ ಸಂಘ, ಶಾಲೆ, ಆಸ್ಪತ್ರೆಗಳು ತಲೆಯೆತ್ತಿದವು. ಅನಂತರ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ವಸತಿಗಳಾದವು. ಇಂದು ಆ ಜನರು ಕನ್ನಡದಲ್ಲಿಯೇ ಸಂತೆಯ ವ್ಯವಹಾರ ನಡೆಸುವುದನ್ನು ಕುಶಾಲನಗರದ ಕಡೆಯವರು ಬಲ್ಲರು.

ಈ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹುಟ್ಟಿಕೊಂಡಿತು. ಟಿಬೆಟಿನವರು ನೆಲೆ ನಿಂತ ಮೇಲೆ ಅದು ಸುತ್ತಲಿನ ಬಡ ಗ್ರಾಮಗಳ ಕಡೆಗೆ ತಿರುಗಿತು. ಪರಸ್ಪರ ನಂಬಿಕೆಯುಳ್ಳ ಹತ್ತಿಪ್ಪತ್ತು ಜನರು ಸಣ್ಣ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಪದ್ಧತಿಯನ್ನು 1980ರ ದಶಕದಲ್ಲಿ ಬೆಳೆಸಿತು. 1992ರಲ್ಲಿ ನಬಾರ್ಡ್ ಇಂತಹ ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಯೋಜನೆ ಆರಂಭಿಸಲು ಮೈರಾಡದ ಆ ಅನುಭವವೂ ಒಂದು ಆಧಾರವಾಯಿತು. ಇಂದು ನಮ್ಮ ಹಳ್ಳಿಹಳ್ಳಿಗಳಲ್ಲಿ ತಾಯಂದಿರು ನಡೆಸುವ ಸ್ವಸಹಾಯ ಸಂಘಗಳ ಚರಿತ್ರೆಯ ಒಂದು ಎಳೆ ನಿರಾಶ್ರಿತರ ಸೇವೆಗೆ ಹೋಗಿ ತಲುಪುತ್ತದೆ. ಹೊರಗಿನಿಂದ ಬಂದವರಿಗೆ ಕೊಟ್ಟರೆ ನಮ್ಮವರಿಗೆ ಕಡಿಮೆಯಾಗುತ್ತದೆ ಎನ್ನುವವರು ಇದನ್ನು ಸ್ವಲ್ಪ ಆಲೋಚಿಸಬೇಕು.

ಇನ್ನು ನಮ್ಮ ಸ್ವಂತ ಅನುಭವಕ್ಕೆ ಬರೋಣ. ಕರಾವಳಿಯ ಎಷ್ಟೋ ಮುಸ್ಲಿಂ ಕುಟುಂಬಗಳ ಒಲೆ ಉರಿದದ್ದು ಗಲ್ಫಿನ ದುಡಿಮೆಯಿಂದ. ವಿಸಿಟ್ ವೀಸಾದಲ್ಲಿ ಹೋದ ಹುಡುಗನನ್ನು ದುಬೈಯಲ್ಲೋ ದಮ್ಮಾಮಿನಲ್ಲೋ ಊರಿನ ಯಾರೋ ಕಾಕ ತಮ್ಮ ಕೋಣೆಗೆ ಕರೆದೊಯ್ದರು. ಇಕ್ಕಟ್ಟಾದ ಕೋಣೆಯಲ್ಲಿ ಇನ್ನೊಂದು ಹಾಸಿಗೆ ಹಾಕಿದರು. ಕೆಲಸ ಸಿಗುವವರೆಗೆ ಬಾಡಿಗೆ ಕೇಳಲಿಲ್ಲ, ಮೆಸ್ಸಿನ ಲೆಕ್ಕ ಹೇಳಲಿಲ್ಲ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಸಂದರ್ಶನದಲ್ಲಿ ಏನು ಕೇಳುತ್ತಾರೆ, ಯಾವ ಏಜೆಂಟನನ್ನು ನಂಬಬಾರದು ಎಂಬುದನ್ನು ರಾತ್ರಿ ಊಟದ ಹೊತ್ತಿಗೆ ಹೇಳಿಕೊಟ್ಟರು. ಅದಕ್ಕೆ ಯಾರೂ ದೊಡ್ಡ ಹೆಸರಿಡಲಿಲ್ಲ. ಮುಆಖಾತ್ ಎಂದರೆ ಅದುವೇ. ಆ ಕೋಣೆಗಳಲ್ಲಿ ಆಸರೆ ಪಡೆದವರು ಇಂದು ನಮ್ಮ ಜಮಾಅತ್‌ಗಳ ಹಿರಿಯರಾಗಿದ್ದಾರೆ, ಮಸೀದಿ ಕಮಿಟಿಗಳ ಪದಾಧಿಕಾರಿಗಳಾಗಿದ್ದಾರೆ.

ಇಂದು ಆ ಕಮಿಟಿಗಳ ಮಸೀದಿಗಳಿಗೆ ಶುಕ್ರವಾರ ಬಂದು ನಿಲ್ಲುವವರು ಯಾರು? ಪಶ್ಚಿಮ ಬಂಗಾಳ, ಅಸ್ಸಾಂ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಗಾರೆ ಕೆಲಸದವರು, ಹೊಟೇಲು ಕಾರ್ಮಿಕರು, ಕ್ಷೌರಿಕರು. ರಾಯಚೂರು, ಕೊಪ್ಪಳ, ವಿಜಯಪುರದಿಂದ ಮಕ್ಕಳು ಮರಿಯೊಂದಿಗೆ ಬಂದ ಕೂಲಿ ಕುಟುಂಬಗಳು. ಇವರು ನಿರಾಶ್ರಿತರಲ್ಲ, ತಮ್ಮದೇ ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ, ದುಡಿಯುವ ಸಾಂವಿಧಾನಿಕ ಹಕ್ಕುಳ್ಳ ಪ್ರಜೆಗಳು. ಹೊಸ ಊರಿನಲ್ಲಿ ದಾರಿ ತಿಳಿಯದ ಅವರ ಸಂಕಟ ಮಾತ್ರ ನಿರಾಶ್ರಿತನ ಸಂಕಟಕ್ಕಿಂತ ಬಹಳ ಬೇರೆಯಲ್ಲ. ಅವರು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ, ಸಲಾಂ ಹೇಳಿದೊಡನೆ ಎದ್ದು ಹೋಗುತ್ತಾರೆ. ಮಹಲ್ಲಾದ ದಾಖಲೆಯಲ್ಲಿ ಅವರ ಹೆಸರಿಲ್ಲ. ಅವರನ್ನು ಕುರಿತು ಮಾತನಾಡುವಾಗ ನಾವು ಬಳಸುವ ಹೆಸರು ‘ಹಿಂದಿಯವರು’ ಅಥವಾ ‘ಬಂಗಾಳಿಗಳು’. ರಮಝಾನಿನಲ್ಲಿ ಇಫ್ತಾರ್ ತಟ್ಟೆ ಸಿಗುತ್ತದೆ. ಶವ್ವಾಲ್ ಬಂದ ಮೇಲೆ ಅವರ ಮಗು ಶಾಲೆಗೆ ಹೋಗುತ್ತಿದೆಯೇ ಎಂದು ಕೇಳುವವರಿಲ್ಲ.

ಇದಕ್ಕೆ ನಾವು ಕೇಳುವ ಸಮರ್ಥನೆಗಳು ಎರಡು. ನಮ್ಮ ಊರಿನಲ್ಲೇ ಬಡವರಿರುವಾಗ ಹೊರಗಿನವರೇಕೆ ಎಂಬುದು ಮೊದಲನೆಯದು. ಊರಿನ ಬಡವರ ಹಕ್ಕು ನಿರ್ವಿವಾದ. ಆದರೆ ಪವಿತ್ರ ಕುರ್‌ಆನ್ ಝಕಾತಿನ ಎಂಟು ಹಕ್ಕುದಾರರನ್ನು ಎಣಿಸುವಾಗ ಬಡವರ ಜೊತೆಗೆ ದಾರಿಹೋಕನನ್ನೂ ಎಣಿಸಿದೆ. ಅವನು ಊರಿನವನಲ್ಲ ಎಂಬುದೇ ಅವನ ಅರ್ಹತೆ. ಅಲ್ಲದೆ ನಾವಿಲ್ಲಿ ಕೇಳುತ್ತಿರುವ ನೆರವಿನಲ್ಲಿ ಹಣದ ಪಾಲು ಚಿಕ್ಕದು. ಸಮಯದ ಪಾಲು ದೊಡ್ಡದು.

ಎರಡನೆಯದು ಭಯ. ದಾಖಲೆಗಳ ಬಗ್ಗೆ ಪ್ರಶ್ನೆ ಎದ್ದರೆ, ಪೊಲೀಸರು ಬಂದರೆ, ನಮಗೇಕೆ ಬೇಕು ಎನ್ನುವ ಅಳುಕು. ಬಂಗಾಳಿ ಮಾತನಾಡುವ ಮುಸ್ಲಿಮನನ್ನು ಮಾತಿನ ಆಧಾರದಲ್ಲೇ ವಿದೇಶಿಯೆಂದು ಶಂಕಿಸುವ ವಾತಾವರಣದಲ್ಲಿ ಈ ಅಳುಕು ಅರ್ಥವಾಗದ್ದೇನಲ್ಲ. ಬಂಗಾಳಿಯು ಪಶ್ಚಿಮ ಬಂಗಾಳದ, ತ್ರಿಪುರಾದ, ಅಸ್ಸಾಮಿನ ಬರಾಕ್ ಕಣಿವೆಯ ಕೋಟ್ಯಂತರ ಭಾರತೀಯರ ಮಾತೃಭಾಷೆ ಎಂಬುದನ್ನು ಮೊದಲು ನಾವು ತಿಳಿದಿರಬೇಕು. ಕಾನೂನಿನ ಪ್ರಶ್ನೆಗಳನ್ನು ಕಾನೂನಿನ ಮೂಲಕವೇ ಎದುರಿಸಬೇಕು, ಯಾವುದನ್ನೂ ಮರೆಮಾಚಬಾರದು. ಆದರೆ ದಾಖಲೆಗಳನ್ನು ಸರಿಯಾಗಿ ಇಟ್ಟುಕೊಳ್ಳಲು ಕಲಿಸುವ, ಅಗತ್ಯ ಬಿದ್ದಾಗ ವಕೀಲರ ಬಳಿಗೆ ಕರೆದೊಯ್ಯುವ ಒಬ್ಬ ಊರಿನವನಿದ್ದರೆ ಅಮಾಯಕನು ಸಂಕಷ್ಟಕ್ಕೆ ಸಿಲುಕುವ ಸಾಧ್ಯತೆ ಕಡಿಮೆಯಾಗುತ್ತದೆ. ನಾವು ದೂರ ಸರಿದಷ್ಟೂ ಅವನು ಹೆಚ್ಚು ಒಂಟಿಯಾಗುತ್ತಾನೆ.

ಆದ್ದರಿಂದ ನಮ್ಮ ಸಲಹೆ ಸರಳವಾದುದು. ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಗೆ ಹೊಸದಾಗಿ ಬಂದ ಕುಟುಂಬಗಳ ಪಟ್ಟಿ ಮಾಡಲಿ. ಪ್ರತಿ ಕುಟುಂಬಕ್ಕೆ ಮಹಲ್ಲಾದ ಒಂದು ಕುಟುಂಬವನ್ನು ಹೆಸರು ಹಿಡಿದು, ಒಂದು ವರ್ಷದ ಮಟ್ಟಿಗೆ ಜೊತೆಗೂಡಿಸಲಿ. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಆಗುವುದಿಲ್ಲ. ಹೆಸರು ಹಿಡಿದು ವಹಿಸಿದ್ದನ್ನು ಮನುಷ್ಯ ಮರೆಯುವುದಿಲ್ಲ. ನೆರೆಯಲ್ಲಿ ಬಂದು ನೆಲೆಸಿದವರು ಅನ್ಯ ಧರ್ಮೀಯರಾದರೂ ಈ ಬಾಗಿಲು ಅವರಿಗೂ ತೆರೆದಿರಲಿ. ನೆರೆಯವನ ಹಕ್ಕಿಗೆ ಧರ್ಮದ ಗಡಿಯಿಲ್ಲ.

ಆ ವರ್ಷದಲ್ಲಿ ಮಾಡಬೇಕಾದ ಕೆಲಸಗಳು ಕಷ್ಟದವೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ವರ್ಗಾವಣೆ ಪತ್ರವಿಲ್ಲ, ವಯಸ್ಸಿನ ದಾಖಲೆಯಿಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನು ತಿಳಿದ ಒಬ್ಬರು ಹತ್ತಿರದ ಸರಕಾರಿ ಕನ್ನಡ ಶಾಲೆಗೆ ಮಗುವಿನ ಕೈ ಹಿಡಿದು ಹೋದರೆ ಸಾಕು. ತಮ್ಮ ರಾಜ್ಯದ ಆಹಾರ ಭದ್ರತೆಯ ಪಡಿತರ ಚೀಟಿ ಇರುವವರು ‘ಒಂದು ರಾಷ್ಟ್ರ ಒಂದು ಪಡಿತರ ಚೀಟಿ’ ವ್ಯವಸ್ಥೆಯಡಿ ಇಲ್ಲಿಯೇ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು; ಅನೇಕರಿಗೆ ಇದು ಗೊತ್ತೇ ಇಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮದ್ರಸಾದ ಕೋಣೆಗಳು ಇಶಾದ ನಂತರ ಖಾಲಿಯಿರುತ್ತವೆ. ವಾರಕ್ಕೆರಡು ದಿನ ಅಲ್ಲಿ ಆಡುಗನ್ನಡ ಕಲಿಸಬಹುದು. ಸಂಬಳದ ಮೊತ್ತ, ಬಸ್ಸಿನ ಬೋರ್ಡು, ಔಷಧದ ಚೀಟಿ ಇವಿಷ್ಟು ಅರ್ಥವಾದರೆ ಮನುಷ್ಯನ ಅರ್ಧ ಭಯ ಇಳಿಯುತ್ತದೆ. ಮನೆಯ ಹೆಂಗಸರ ಪಾತ್ರ ಇದರಲ್ಲಿ ಇನ್ನೂ ಹಿರಿದು. ಪರಭಾಷೆಯ ಊರಿನಲ್ಲಿ ಹೆರಿಗೆಗೆ ಕಾದಿರುವ ಹೆಣ್ಣುಮಗಳಿಗೆ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಸಿ, ಅಂಗನವಾಡಿಯ ಬಾಗಿಲು ತೋರಿಸುವ ಅಕ್ಕ ಒಬ್ಬಳು ಬೇಕು.

ಮತ್ತೆ, ಕಸುಬು. ಬಂದವನಿಗೆ ಯಾವ ಕೆಲಸ ಬರುತ್ತದೆಂದು ನಾವು ಕೇಳಿದ್ದೇವೆಯೇ? ಗಾರೆ ಕೆಲಸಕ್ಕೆ ಇಟ್ಟುಕೊಂಡವನು ಊರಿನಲ್ಲಿ ಒಳ್ಳೆಯ ದರ್ಜಿಯೋ ಜರಿ ಕೆಲಸದವನೋ ಆಗಿರಬಹುದು. ಝಕಾತಿನ ಹಣದಿಂದ ಅರ್ಹನಿಗೆ ಒಂದು ಹೊಲಿಗೆ ಯಂತ್ರ, ಒಂದು ತಳ್ಳುಗಾಡಿ ಕೊಡಿಸಿದರೆ ಮುಂದೊಂದು ದಿನ ಅವನೇ ಝಕಾತ್ ಕೊಡುವವನಾಗಬಹುದು. ನಮ್ಮವರಲ್ಲಿ ಕೆಲವು ಗುತ್ತಿಗೆದಾರರು, ಹೊಟೇಲು ಮಾಲಕರು ಈ ಕಾರ್ಮಿಕರ ಕೂಲಿಯನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತಾರೆಂಬ ದೂರುಗಳೂ ಇವೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಇತರರಿಗೆ ಸಾರುವವರು. ಕೂಲಿ ತಡೆಹಿಡಿದವನು ರಮಝಾನಿನಲ್ಲಿ ಹಂಚುವ ಕಿಟ್ ಯಾವ ತಕ್ಕಡಿಯಲ್ಲಿ ತೂಗೀತು?

ಅನ್ಸಾರ್ ಎಂಬುದು ಒಂದು ಗೋತ್ರದ ಹೆಸರಾಗಿರಲಿಲ್ಲ. ಔಸ್ ಮತ್ತು ಖಝ್ರಜ್ ಎಂಬ, ಪರಸ್ಪರ ಕಾದಾಡುತ್ತಿದ್ದ ಎರಡು ಗೋತ್ರಗಳ ಜನರು ಬಂದವರಿಗೆ ನೆರವಾದುದರಿಂದ ಆ ಹೆಸರನ್ನು ಗಳಿಸಿದರು. ಅವರ ಹಳೆಯ ಹಗೆಯೂ ಆ ಹೆಸರಿನೊಳಗೆ ಕರಗಿತು. ಈ ಶುಕ್ರವಾರ ಜುಮಾ ಮುಗಿದ ಬಳಿಕ ಹಿಂದಿನ ಸಾಲಿನಲ್ಲಿರುವವನು ಎದ್ದು ಹೋಗುವ ಮುನ್ನ ಅವನ ಹೆಸರನ್ನೂ ಊರನ್ನೂ ಕಸುಬನ್ನೂ ಕೇಳೋಣ. ಬಂದವರಿಗೆ ದಾರಿ ತೋರಿಸುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.